ಪ್ರಶ್ನೋತ್ತರ: ಡೇವನ್‌ಪೋರ್ಟ್‌ನಲ್ಲಿ ಶಾಲೆ ತೆರೆದ ಡಿ.ಡಿ. ಪಾಮರ್

ಹಿಂದಿನ ಸಂಚಿಕೆಯಲ್ಲಿ ಬೆನ್ನುನೋವಿನ ಬಗ್ಗೆ ಬರೆಯುವಾಗ ಕೈರೋಪ್ರ್ಯಾಕ್ಟಿಕ್, ಅಂದರೆ ಬೆನ್ನೆಲುಬಿನ ಮಣಿಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆಯ ಮಾತು ಒಂದೇ ಒಂದು ಸಾಲಿನಲ್ಲಿ ಬಂದಿತ್ತು. ಆ ಸಾಲಿಗೇ ಜಾಸ್ತಿ ಪತ್ರಗಳು ಬಂದಿವೆ. ಬಹಳ ವರ್ಷ ಫಿಸಿಯೋಥೆರಪಿ ಕಲಿಸಿದವಳು ನಾನು. ಬೆನ್ನನ್ನು ಕೈಯಿಂದ ಮುಟ್ಟಿ ನೋಡಿ ತಿಳಿಯುವುದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಎಷ್ಟು ಕಷ್ಟ ಎನ್ನುವುದು ನನಗೆ ಗೊತ್ತು. ಹಾಗಾಗಿ ಆ ಚಿಕಿತ್ಸೆಯನ್ನು ಹುಟ್ಟುಹಾಕಿದ ಡಿ.ಡಿ. ಪಾಮರ್ ಅವರ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಶಾಲೆ. ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿರುವ ಪಾಮರ್ ಕಾಲೇಜಿಗೆ ಸೇರಬೇಕು ಎನ್ನುತ್ತಿದ್ದಾಳೆ. ಅದನ್ನು ಶುರು ಮಾಡಿದವರು ಡಾಕ್ಟರೇ ಅಲ್ಲ, ಜೇನು ಸಾಕುತ್ತಿದ್ದವರು ಎಂದು ಯಾರೋ ಹೇಳಿದರು. ನಿಜವೇ? ಅಂಥವರು ಕಟ್ಟಿದ ಸಂಸ್ಥೆಯನ್ನು ನಂಬಬಹುದಾ?

ನಿಜ. ಜೇನೂ ಸಾಕಿದ್ದರು, ರಾಸ್‌ಬೆರಿ ಗಿಡಗಳನ್ನೂ ಬೆಳೆಸಿ ಮಾರಿದ್ದರು, ದಿನಸಿ ಅಂಗಡಿಯನ್ನೂ ಇಟ್ಟಿದ್ದರು. ಅದಕ್ಕೂ ಮುಂಚೆ ಹಳ್ಳಿಯ ಶಾಲೆಗಳಲ್ಲಿ ಮೇಷ್ಟ್ರಾಗಿದ್ದರು. ಅದನ್ನು ನಿಮಗೆ ಹೇಳಿದವರು ಬಿಟ್ಟುಬಿಟ್ಟಿದ್ದಾರೆ ನೋಡಿ. ನನ್ನ ಮಟ್ಟಿಗೆ ಅದೇ ಮುಖ್ಯ.

ಡೇನಿಯಲ್ ಡೇವಿಡ್ ಪಾಮರ್ ಹುಟ್ಟಿದ್ದು 1845ರಲ್ಲಿ, ಕೆನಡಾದ ಟೊರಾಂಟೊ ಹತ್ತಿರ. 1865ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ತಮ್ಮನ ಜೊತೆ ಅಮೆರಿಕಕ್ಕೆ ಬಂದರು. ಮಿಸಿಸಿಪ್ಪಿ ನದಿಯ ಎರಡೂ ದಡಗಳಲ್ಲಿ, ಅಂದರೆ ಇಲಿನಾಯ್ ಮತ್ತು ಅಯೋವಾದ ಊರುಗಳಲ್ಲಿ ಬದುಕು ಕಟ್ಟಿಕೊಳ್ಳಲು ನೋಡಿದರು. 1880ರ ದಶಕದ ನಡುವೆ ಮ್ಯಾಗ್ನೆಟಿಕ್ ಹೀಲಿಂಗ್ ಎಂಬ ಚಿಕಿತ್ಸೆಗೆ ಕೈಹಾಕಿದರು. ಹೆಸರು ಹೀಗಿದ್ದರೂ ಅದರಲ್ಲಿ ಅಯಸ್ಕಾಂತ ಇರಲಿಲ್ಲ. ರೋಗಿಯ ಮೈಮೇಲೆ ಕೈಯಿಟ್ಟು, ತನ್ನೊಳಗಿನ ಶಕ್ತಿಯನ್ನು ಅವನಿಗೆ ಹರಿಸುತ್ತೇನೆ ಎಂಬ ನಂಬಿಕೆ ಅದು. ಆ ಕಾಲದಲ್ಲಿ ಅಂಥವರು ಬಹಳ ಜನ ಇದ್ದರು. ಪಾಮರ್ 1887ರಲ್ಲಿ ಡೇವನ್‌ಪೋರ್ಟ್‌ಗೆ ಬಂದು, ಎರಡನೇ ಬೀದಿ ಮತ್ತು ಬ್ರೇಡಿ ಬೀದಿ ಸೇರುವ ಕಡೆ ರಯಾನ್ ಬ್ಲಾಕ್ ಎಂಬ ಕಟ್ಟಡದಲ್ಲಿ ಕೋಣೆ ಹಿಡಿದರು. ರೋಗಿಗಳು ಚೆನ್ನಾಗಿಯೇ ಬರುತ್ತಿದ್ದರು.

ಆಗಿನ ಡಾಕ್ಟರುಗಳ ಕೈಯಲ್ಲಿ ಏನಿತ್ತು ಎನ್ನುವುದನ್ನೂ ನೆನಪಿಡಬೇಕು. ಪಾದರಸ ಬೆರೆತ ಭೇದಿ ಔಷಧಿಯನ್ನು ಕೊಡುವವರು ಆಗಲೂ ಇದ್ದರು. ಆಂಟಿಬಯಾಟಿಕ್ ಬರಲು ಇನ್ನೂ ದಶಕಗಳು ಬಾಕಿ. ಮೆಡಿಕಲ್ ಕಾಲೇಜುಗಳ ಸ್ಥಿತಿಯೂ ಹಾಗೇ ಇತ್ತು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಶಾಲೆಗಳನ್ನು ಪರಿಶೀಲಿಸಿ ವರದಿ ಕೊಟ್ಟರು. ಎಷ್ಟೋ ಶಾಲೆಗಳಲ್ಲಿ ನೆಟ್ಟಗೆ ಒಂದು ಪ್ರಯೋಗಾಲಯವೂ ಇರಲಿಲ್ಲ. ಅದೇ ವರದಿ ಕೈರೋಪ್ರ್ಯಾಕ್ಟರ್‌ಗಳನ್ನು ವೈದ್ಯರ ಪಟ್ಟಿಗೇ ಸೇರಿಸಲಿಲ್ಲ, ಅವರನ್ನು ವಿಚಾರಿಸಿಕೊಳ್ಳಬೇಕಾದ್ದು ಕೋರ್ಟು ಎಂದಿತು. ಪಾಮರ್ ಡಾಕ್ಟರ್ ಅಲ್ಲ ಎನ್ನುವುದು ನಿಜ. ಆದರೆ ಆ ಕಾಲದಲ್ಲಿ ಡಾಕ್ಟರ್ ಆಗಿರುವುದಕ್ಕೂ ಈಗ ಡಾಕ್ಟರ್ ಆಗಿರುವುದಕ್ಕೂ ಬಹಳ ಅಂತರ ಇದೆ.

ಇನ್ನು ನಂಬಿಕೆಯ ಮಾತು. ಪಾಮರ್ 1897ರಲ್ಲಿ ತೆರೆದ ಶಾಲೆಯನ್ನು ನೋಡಿ ಈಗಿನ ಕಾಲೇಜನ್ನು ಅಳೆಯಬೇಡಿ. ಈಗ ಅಲ್ಲಿ ಡಾಕ್ಟರ್ ಆಫ್ ಕೈರೋಪ್ರ್ಯಾಕ್ಟಿಕ್ ಪದವಿಗೆ ಕಡಿಮೆಯೆಂದರೂ 4,200 ಗಂಟೆಗಳ ಪಾಠ, ತರಬೇತಿ ಇರಬೇಕು. ಆಮೇಲೆ ರಾಷ್ಟ್ರಮಟ್ಟದ ಬೋರ್ಡ್ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸ್. ಮಗಳನ್ನು ಒಂದೇ ಒಂದು ವಿಷಯ ವಿಚಾರಿಸಲು ಹೇಳಿ: ಯಾವ ರೋಗಿಗೆ ಕೈ ಹಚ್ಚಬಾರದು, ಯಾರನ್ನು ಬೇರೆ ಡಾಕ್ಟರ ಹತ್ತಿರ ಕಳಿಸಬೇಕು ಎನ್ನುವುದನ್ನು ಅಲ್ಲಿ ಎಷ್ಟು ಕಾಲ, ಎಲ್ಲಿ, ಯಾರ ಕೆಳಗೆ ಕಲಿಸುತ್ತಾರೆ? ಅದಕ್ಕೆ ಸಿಗುವ ಉತ್ತರದ ಮೇಲೆ ನಿರ್ಧಾರ ಮಾಡಲಿ. ಓದು ಮುಗಿಸಿ ಯಾವ ದೇಶದಲ್ಲಿ ಕೆಲಸ ಮಾಡಬೇಕೆಂದಿದ್ದಾಳೋ ಅಲ್ಲಿ ಈ ಪದವಿಗೆ ಮಾನ್ಯತೆ ಇದೆಯೇ ಎನ್ನುವುದನ್ನು ಸೇರುವ ಮೊದಲೇ ನೋಡಿಕೊಳ್ಳಲಿ.

ಪ್ರಶ್ನೆ: ಪಾಮರ್ ಒಬ್ಬ ಕಿವುಡನ ಬೆನ್ನು ಒತ್ತಿದರಂತೆ, ತಕ್ಷಣ ಕಿವಿ ಕೇಳಿಸಿತಂತೆ. ಇದು ಸಾಧ್ಯವೇ?

ಆತನ ಹೆಸರು ಹಾರ್ವೀ ಲಿಲಾರ್ಡ್. ರಯಾನ್ ಬ್ಲಾಕ್‌ನಲ್ಲಿ ಕಸ ಗುಡಿಸಿ, ಕಟ್ಟಡ ನೋಡಿಕೊಳ್ಳುತ್ತಿದ್ದ ಕಪ್ಪು ಜನಾಂಗದ ಕೆಲಸಗಾರ. ಈ ಪ್ರಸಂಗ ನಡೆದ ದಿನ 1895ರ ಸೆಪ್ಟೆಂಬರ್ 18 ಎಂದು ಕೈರೋಪ್ರ್ಯಾಕ್ಟಿಕ್ ಜನ ಇಂದಿಗೂ ಆಚರಿಸುತ್ತಾರೆ.

ಪಾಮರ್ ಬರೆದದ್ದು ಹೀಗೆ. ಲಿಲಾರ್ಡ್‌ಗೆ 17 ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ. ಬೀದಿಯಲ್ಲಿ ಗಾಡಿ ಹೋಗುವ ಸದ್ದೂ ಇಲ್ಲ, ಗಡಿಯಾರದ ಟಿಕ್ ಟಿಕ್ ಕೂಡ ಇಲ್ಲ. ಹೇಗಾಯಿತು ಎಂದು ಕೇಳಿದರೆ, ಇಕ್ಕಟ್ಟಿನಲ್ಲಿ ಬಗ್ಗಿ ಕೆಲಸ ಮಾಡುವಾಗ ಬೆನ್ನಲ್ಲಿ ಏನೋ ಸರಿದಂತಾಯಿತು, ಆಗಿನಿಂದ ಕಿವುಡು ಎಂದ. ಪಾಮರ್ ಬೆನ್ನು ಮುಟ್ಟಿ ನೋಡಿದರು. ಬೆನ್ನೆಲುಬಿನ ಒಂದು ಮಣಿ ಜಾಗ ಬಿಟ್ಟಂತೆ ಸಿಕ್ಕಿತು. ಅದನ್ನು ಒತ್ತಿ ಸರಿಮಾಡಿದರು, ಕಿವಿ ಕೇಳಿಸಿತು. ಲಿಲಾರ್ಡ್ ಕೊಟ್ಟ ಹೇಳಿಕೆಯನ್ನು ಪಾಮರ್ 1897ರಲ್ಲಿ ತಮ್ಮದೇ ಪ್ರಚಾರ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಲಿಲಾರ್ಡ್ ಅವರ ಮಗಳು ಮಾತ್ರ ಬೇರೆ ರೀತಿ ಹೇಳಿದ್ದಾರೆ. ಅಪ್ಪ ಯಾರಿಗೋ ತಮಾಷೆ ಹೇಳುತ್ತಿದ್ದರು, ಕೇಳಿಸಿಕೊಂಡ ಪಾಮರ್ ನಗುತ್ತಾ ಕೈಯಲ್ಲಿದ್ದ ಪುಸ್ತಕದಿಂದ ಅಪ್ಪನ ಬೆನ್ನಿಗೆ ತಟ್ಟಿದರು, ಕೆಲವು ದಿನಗಳ ಮೇಲೆ ಕಿವಿ ಸ್ವಲ್ಪ ವಾಸಿ ಎನಿಸಿತು ಎಂದು.

ಸಾಧ್ಯವೇ ಎಂದು ಕೇಳಿದ್ದೀರಿ. ಶಬ್ದವನ್ನು ಒಯ್ಯುವ ನರ ಕಿವಿಯ ಒಳಭಾಗದಿಂದ ಹೊರಟು ತಲೆಬುರುಡೆಯ ಒಳಗೇ ಮೆದುಳಿನ ಬುಡ ಸೇರುತ್ತದೆ. ಬೆನ್ನೆಲುಬಿನ ದಾರಿಗೆ ಅದು ಬರುವುದೇ ಇಲ್ಲ. ಬೆನ್ನಿನ ಮಣಿ ಒತ್ತಿದ್ದರಿಂದ 17 ವರ್ಷದ ಕಿವುಡು ಹೋಯಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಲಿಲಾರ್ಡ್‌ಗೆ ಏನೂ ಆಗಲಿಲ್ಲ ಎಂದೂ ಹೇಳುತ್ತಿಲ್ಲ. ಆತನ ಕಿವಿಯನ್ನು ಮುಂಚೆ, ಆಮೇಲೆ ಯಾರೂ ಅಳೆದಿಟ್ಟಿಲ್ಲ. ಎಕ್ಸ್-ರೇ ಕೂಡ ಆಗ ಇರಲಿಲ್ಲ. ರಾಂಟ್ಜೆನ್ ಅದನ್ನು ಕಂಡುಹಿಡಿದದ್ದು ಅದೇ ವರ್ಷದ ನವೆಂಬರ್‌ನಲ್ಲಿ, ಜರ್ಮನಿಯಲ್ಲಿ.

ನನಗೆ ನೋವಾಗುವುದು ಮುಂದಿನ ಹೆಜ್ಜೆ ನೋಡಿ. ಒಂದೆರಡು ರೋಗಿಗಳನ್ನು ನೋಡಿ ಪಾಮರ್ ಇಡೀ ರೋಗಶಾಸ್ತ್ರವನ್ನೇ ಕಟ್ಟಿಬಿಟ್ಟರು. ನೂರಕ್ಕೆ 95 ಕಾಯಿಲೆಗಳಿಗೆ ಜಾಗ ತಪ್ಪಿದ ಬೆನ್ನೆಲುಬಿನ ಮಣಿಗಳೇ ಕಾರಣ, ಉಳಿದ 5ಕ್ಕೆ ಬೇರೆ ಕೀಲುಗಳು ಕಾರಣ ಎಂದು 1910ರ ಪುಸ್ತಕದಲ್ಲಿ ಬರೆದರು. ರಾಬರ್ಟ್ ಕಾಕ್ ಎಂಬ ವಿಜ್ಞಾನಿ ಕ್ಷಯದ ರೋಗಾಣುವನ್ನು ತೋರಿಸಿ ಆಗಲೇ 28 ವರ್ಷ ಕಳೆದಿತ್ತು. ಅಷ್ಟು ಚುರುಕಾದ ಕೈ ಇದ್ದವರು ಆ ಕೈಗೆ ತಿಳಿದಷ್ಟರಲ್ಲೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು!

ಪ್ರಶ್ನೆ: ತನಗೆ ಮಾತ್ರ ಗೊತ್ತಿರುವ ವಿದ್ಯೆಯಿಂದ ಚೆನ್ನಾಗಿ ಸಂಪಾದಿಸುತ್ತಿದ್ದ ಮನುಷ್ಯ ಅದನ್ನು ಬೇರೆಯವರಿಗೆ ಯಾಕೆ ಕಲಿಸಲು ಹೋದ? ಶಾಲೆ ಹೇಗಿತ್ತು?

ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಅವರಿಗೂ ಮನಸ್ಸಿರಲಿಲ್ಲ. ಗುಟ್ಟಾಗಿಯೇ ಇಟ್ಟುಕೊಂಡಿದ್ದರು. ಕೈಚಳಕದ ವಿದ್ಯೆ ಇರುವವರು ಎಲ್ಲಾ ಕಾಲದಲ್ಲೂ ಹೀಗೆಯೇ ಅಲ್ವಾ? ಮೂಳೆ ಕೂರಿಸುವವರು ಮಗನಿಗೋ ಅಳಿಯನಿಗೋ ಹೇಳಿಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಹೇಳಿಕೊಡಲು ಯಾರೂ ಇಲ್ಲದಿದ್ದರೆ ವಿದ್ಯೆಯೂ ಅವರ ಜೊತೆಗೇ ಹೋಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ದಾರಿ ಕಣ್ಣೆದುರಿಗೆ ಬಂದಿತ್ತು. ಪಕ್ಕದ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬವರು 1892ರಲ್ಲಿ ಆಸ್ಟಿಯೋಪಥಿ ಶಾಲೆ ತೆರೆದಿದ್ದರು. ಅವರದೂ ಕೈಯಿಂದ ಮಾಡುವ ಚಿಕಿತ್ಸೆ. ವಿದ್ಯಾರ್ಥಿಗಳು ದುಡ್ಡು ಕೊಟ್ಟು ಕಲಿಯುತ್ತಿದ್ದರು.

ಪಾಮರ್ 1897ರಲ್ಲಿ ತಮ್ಮ ಶಾಲೆ ಶುರು ಮಾಡಿದರು. ಕೈರೋಪ್ರ್ಯಾಕ್ಟಿಕ್ ಎಂಬ ಹೆಸರನ್ನು ಅದರ ಹಿಂದಿನ ವರ್ಷ ಗ್ರೀಕ್ ಪದಗಳಿಂದ ಕಟ್ಟಿಕೊಟ್ಟಿದ್ದು ಅವರ ರೋಗಿಯೂ ಗೆಳೆಯರೂ ಆಗಿದ್ದ ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ. ಶಾಲೆಗೆ ಬೇರೆ ಕಟ್ಟಡ ಇರಲಿಲ್ಲ. ಚಿಕಿತ್ಸೆ ಕೊಡುತ್ತಿದ್ದ ಕೋಣೆಗಳಲ್ಲೇ ಪಾಠ. ಶುಲ್ಕ 500 ಡಾಲರ್. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತ, ಒಬ್ಬ ಕೂಲಿಯವನ ವರ್ಷದ ಸಂಪಾದನೆಗೆ ಸಮ ಎನ್ನಬಹುದು. ಕೋರ್ಸು ಕೆಲವೇ ತಿಂಗಳು. ಮೂಳೆಗಳನ್ನು ಕೈಯಲ್ಲಿ ಹಿಡಿದು ನೋಡುವುದು, ರೋಗಿಯ ಬೆನ್ನು ಮುಟ್ಟಿ ನೋಡುವುದು, ಮೇಷ್ಟ್ರು ಮಾಡುವುದನ್ನು ನೋಡುವುದು. 1902ರವರೆಗೂ ಅಲ್ಲಿ ಓದಿ ಹೊರಬಂದವರು ಇಪ್ಪತ್ತು ಜನವೂ ಇರಲಿಲ್ಲ. ಅವರಲ್ಲಿ ಆಗಲೇ ಡಾಕ್ಟರ್ ಆಗಿದ್ದವರೂ ಇದ್ದರು. ಪಾಮರ್ ಅವರ ಮಗ ಬಿ.ಜೆ. ಕೂಡ 1902ರಲ್ಲಿ ಅಲ್ಲೇ ಪಾಸಾದ.

ಕಲಿಸುವ ಕೆಲಸ ಕಲಿಸುವವರನ್ನೂ ಬದಲಿಸುತ್ತದೆ. ಇದನ್ನು ನಾನು ನನ್ನ ತರಗತಿಯಲ್ಲಿ ನೋಡಿದ್ದೇನೆ. ಎರಡನೇ ವರ್ಷದ ಒಬ್ಬ ಹುಡುಗಿ ರೋಗಿಯ ಬೆನ್ನ ಮೇಲೆ ಬೆರಳಿಟ್ಟು, ಇದು ಸರಿದಿದೆ ಎಂದು ನಿಮಗೆ ಹೇಗೆ ಗೊತ್ತು ಮೇಡಂ ಎಂದು ಕೇಳಿದಳು. ಹಾಗೆ ಕೇಳಿದರೆ ಸುಮ್ನೆ ಅನುಭವ ಎಂದು ಜಾರಿಕೊಳ್ಳಲು ಆಗುವುದಿಲ್ಲ. ಮಣಿಯ ಹಿಂದಿನ ಮುಳ್ಳು ಯಾವುದು, ಪಕ್ಕದ ರೆಕ್ಕೆ ಯಾವುದು, ಹುಟ್ಟಿನಿಂದಲೇ ಸೊಟ್ಟಗಿರುವ ಮುಳ್ಳಿಗೂ ನಿಜವಾಗಿ ತಿರುಗಿದ ಮಣಿಗೂ ವ್ಯತ್ಯಾಸ ಏನು, ಎಲ್ಲಾ ಬಿಡಿಸಿ ಹೇಳಬೇಕು. ಪಾಮರ್ ಈ ಕೆಲಸಕ್ಕೆ ಕೂತರು. ಮಣಿಯ ಹಿಂದೆ, ಪಕ್ಕದಲ್ಲಿ ಚಾಚಿಕೊಂಡಿರುವ ಮೂಳೆಗಳನ್ನೇ ಸನ್ನೆಗೋಲಿನಂತೆ ಹಿಡಿದು, ನಿರ್ದಿಷ್ಟ ದಿಕ್ಕಿಗೆ, ಸಣ್ಣದಾಗಿ, ವೇಗವಾಗಿ ಒತ್ತುವುದು ಅವರ ವಿಧಾನ. ಇಡೀ ಬೆನ್ನನ್ನು ತಿರುಚುವ ಹಳೆಯವರ ವಿಧಾನಕ್ಕಿಂತ ಇದು ಬೇರೆ ಎಂದು ಅವರು ಒತ್ತಿ ಹೇಳುತ್ತಿದ್ದರು. ಅವರ ರೋಗಶಾಸ್ತ್ರ ಬಿದ್ದುಹೋದರೂ ಆ ಕೈಕೆಲಸ ಉಳಿಯಿತು. ಅದನ್ನು ತಾವೊಬ್ಬರೇ ಇಟ್ಟುಕೊಳ್ಳದೆ ಇನ್ನೊಬ್ಬರ ಕೈಗೆ ಕೊಟ್ಟದ್ದರಿಂದ ಉಳಿಯಿತು.

ಆದರೆ ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಂಗಸರಿಗೆ ಮೊದಲಿನಿಂದಲೂ ಅವಕಾಶ ಇತ್ತು. ಬಿ.ಜೆ.ಯ ಹೆಂಡತಿ ಮೇಬಲ್ ಹೀತ್ ಪಾಮರ್ ಕಲಿತು, ಅಲ್ಲೇ ಅಂಗರಚನಾ ಶಾಸ್ತ್ರ ಕಲಿಸಿ, 1918ರಲ್ಲಿ ಪಠ್ಯಪುಸ್ತಕವನ್ನೂ ಬರೆದರು. ಆದರೆ ಕಪ್ಪು ಜನಾಂಗದ ವಿದ್ಯಾರ್ಥಿಗಳನ್ನು ಮಗನ ಕಾಲದಲ್ಲಿ ದಶಕಗಳವರೆಗೆ ಸೇರಿಸಿಕೊಳ್ಳಲೇ ಇಲ್ಲ. ಮೊದಲ ರೋಗಿ ಎಂದು ಪ್ರತಿ ವರ್ಷ ನೆನೆಯುವ ಹಾರ್ವೀ ಲಿಲಾರ್ಡ್ ಅವರ ಮೊಮ್ಮಗ ಅರ್ಜಿ ಹಾಕಿದ್ದರೂ ಆಗ ಸೀಟು ಸಿಗುತ್ತಿರಲಿಲ್ಲ. ಕಾಲೇಜಿನ ಹಿರಿಮೆ ಹೇಳುವವರು ಇದನ್ನೂ ಹೇಳಲೇಬೇಕು.

ಪ್ರಶ್ನೆ: ಪಾಮರ್ ಜೈಲಿಗೆ ಹೋಗಿದ್ದರಂತೆ. ಮಗನೇ ಅಪ್ಪನ ಶಾಲೆ ಕಿತ್ತುಕೊಂಡ, ಕಾರು ಹರಿಸಿ ಕೊಂದ ಎಂದೂ ಓದಿದೆ.

ಜೈಲಿಗೆ ಹೋದದ್ದು ನಿಜ. 1906ರಲ್ಲಿ, ಲೈಸೆನ್ಸ್ ಇಲ್ಲದೆ ವೈದ್ಯ ವೃತ್ತಿ ಮಾಡಿದ ತಪ್ಪಿಗೆ. 350 ಡಾಲರ್ ದಂಡ, ಇಲ್ಲವೇ 105 ದಿನ ಜೈಲು ಎಂದು ತೀರ್ಪಾಯಿತು. ತಾನು ಮಾಡುವುದು ವೈದ್ಯವೇ ಅಲ್ಲ, ಬೇರೆಯದೇ ಕೆಲಸ, ಹಾಗಾಗಿ ದಂಡ ಕಟ್ಟುವುದಿಲ್ಲ ಎಂದು ಜೈಲು ಆರಿಸಿಕೊಂಡರು. ಆಗ ವಯಸ್ಸು 61. ಕೆಲವು ದಿನ ಇದ್ದು, ಕೊನೆಗೆ ದಂಡ ಕಟ್ಟಿ ಹೊರಬಂದರು.

ಬಂದ ಮೇಲೆ ಅಪ್ಪ ಮಗನ ಲೆಕ್ಕ ಚುಕ್ತಾ ಆಯಿತು. ಎರಡು ಸಾವಿರಕ್ಕೆ ಸ್ವಲ್ಪ ಮೇಲೆ ಡಾಲರ್, ಕೆಲವು ಪುಸ್ತಕ, ಒಂದಿಷ್ಟು ಮೂಳೆ ಮಾದರಿಗಳು ಅಪ್ಪನಿಗೆ. ಶಾಲೆ ಮಗನಿಗೆ. ಅವರಿಬ್ಬರ ನಡುವೆ ಪ್ರೀತಿ ಮೊದಲಿನಿಂದಲೂ ಇರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ಬೆಲ್ಟಿನಿಂದ ಹೊಡೆಯುತ್ತಿದ್ದ ಎಂದು ಬಿ.ಜೆ. ಬರೆದಿದ್ದಾನೆ. ಮಗ ತನ್ನದನ್ನೆಲ್ಲ ಕದ್ದ ಎಂದು ಅಪ್ಪ ಬರೆದಿದ್ದಾರೆ. ನಾನು ಯಾರ ಪರವಾಗಿಯೂ ನಿಲ್ಲುವುದಿಲ್ಲ.

ಶಾಲೆ ಕೈತಪ್ಪಿದ ನಂತರವೂ ಆ ಮನುಷ್ಯ ಸುಮ್ಮನೆ ಕೂರಲಿಲ್ಲ ಎನ್ನುವುದು ನನ್ನನ್ನು ತಟ್ಟುತ್ತದೆ. ಒಕ್ಲಹೋಮಾದ ಮೆಡ್‌ಫರ್ಡ್‌ಗೆ ಹೋಗಿ ಮತ್ತೆ ದಿನಸಿ ಅಂಗಡಿ ಹಾಕಿದರು. ಅಲ್ಲಿಂದ ಒಕ್ಲಹೋಮಾ ಸಿಟಿಗೆ ಹೋಗಿ ಒಬ್ಬ ಡಾಕ್ಟರ ಜೊತೆ ಸೇರಿ ಶಾಲೆ ಶುರು ಮಾಡಿದರು, ಜಗಳವಾಗಿ ಬಿಟ್ಟರು. ಆಮೇಲೆ ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಇನ್ನೊಂದು ಶಾಲೆ. ಅಲ್ಲೇ 1910ರಲ್ಲಿ ಸಾವಿರ ಪುಟದಷ್ಟು ದಪ್ಪ ಪುಸ್ತಕ ಅಚ್ಚು ಹಾಕಿಸಿದರು. ಬೇರೆ ಕೈರೋಪ್ರ್ಯಾಕ್ಟರ್‌ಗಳು ಬರೆದದ್ದನ್ನು ಸಾಲು ಸಾಲಾಗಿ ಎತ್ತಿಕೊಂಡು ತಿದ್ದಿದ್ದಾರೆ. ಹುಡುಗರ ಉತ್ತರಪತ್ರಿಕೆಗೆ ಕೆಂಪು ಶಾಯಿ ಹಚ್ಚುವ ಮೇಷ್ಟ್ರ ಕೈ ಅದು. ಹೋದ ಊರಲ್ಲೆಲ್ಲ ಮತ್ತೆ ಬೆಂಚು ಹಾಕಿ ಕಲಿಸಲು ನಿಂತರು.

ಕಾರಿನ ಮಾತು. 1913ರ ಆಗಸ್ಟ್‌ನಲ್ಲಿ ಡೇವನ್‌ಪೋರ್ಟ್‌ನಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಗಳ ಮೆರವಣಿಗೆ ನಡೆಯಿತು. ಅದರಲ್ಲಿ ಬಿ.ಜೆ.ಯ ಕಾರು ಅಪ್ಪನಿಗೆ ತಾಗಿತು ಎಂಬ ಆರೋಪ ಬಂತು. ಅದಾಗಿ ಸುಮಾರು ಎರಡು ತಿಂಗಳಿಗೆ, ಅಕ್ಟೋಬರ್ 20ರಂದು, ಪಾಮರ್ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ದಾಖಲೆಯಲ್ಲಿರುವ ಕಾರಣ ಟೈಫಾಯ್ಡ್. ಮಗನ ಮೇಲಿನ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ. ಕೊಂದ ಎಂದು ಬರೆಯುವುದು ತಪ್ಪು.

ಅವರು ಸತ್ತ ಅದೇ ವರ್ಷ ಕಾನ್ಸಾಸ್ ರಾಜ್ಯ ಕೈರೋಪ್ರ್ಯಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ಕಾನೂನು ಮಾಡಿತು. ಅಮೆರಿಕದಲ್ಲಿ ಅದೇ ಮೊದಲು. ಕೊನೆಯ ರಾಜ್ಯ ಲೂಸಿಯಾನ, 1974ರಲ್ಲಿ. ನಡುವಿನ ವರ್ಷಗಳಲ್ಲಿ ಪಾಮರ್ ಅವರಂತೆಯೇ ನೂರಾರು ಜನ ಜೈಲು ಕಂಡರು. ಮಗ ಶಾಲೆಯನ್ನು ಬಹಳ ದೊಡ್ಡದು ಮಾಡಿದ. 1910ರಲ್ಲಿ ಎಕ್ಸ್-ರೇ ತಂದ, 1922ರಲ್ಲಿ ರೇಡಿಯೋ ಸ್ಟೇಷನ್ ಕೊಂಡ. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಯುವಕನಾಗಿದ್ದಾಗ ಮಾತಾಡಿದ್ದು ಆ ಸ್ಟೇಷನ್‌ನಿಂದಲೇ. 1924ರಲ್ಲಿ ಬೆನ್ನಿನ ಶಾಖ ಅಳೆಯುವ ಒಂದು ಯಂತ್ರ ತಂದು, ಅದಿಲ್ಲದೆ ಚಿಕಿತ್ಸೆಯೇ ಇಲ್ಲ ಎಂದು ಹಟ ಹಿಡಿದ. ಅವನ ಒಳ್ಳೆಯ ಅಧ್ಯಾಪಕರು ನಾಲ್ವರು ಹೊರಟುಹೋಗಿ 1926ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಲಿಂಕನ್ ಕಾಲೇಜು ಕಟ್ಟಿದರು.

ಪ್ರಶ್ನೆ: ಡಾಕ್ಟರುಗಳ ಸಂಘವೇ ಕೈರೋಪ್ರ್ಯಾಕ್ಟರ್‌ಗಳ ವಿರುದ್ಧ ಕೋರ್ಟಿನಲ್ಲಿ ಸೋತಿತಂತೆ. ಹಾಗಾದರೆ ಅವರ ಚಿಕಿತ್ಸೆ ಸರಿ ಎಂದಾಯಿತಲ್ಲ?

ಆಗಲಿಲ್ಲ. ಚೆಸ್ಟರ್ ವಿಲ್ಕ್ ಮತ್ತು ಇತರ ಕೈರೋಪ್ರ್ಯಾಕ್ಟರ್‌ಗಳು 1976ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಮೇಲೆ ಕೇಸು ಹಾಕಿದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ತೀರ್ಪು ಕೊಟ್ಟರು. ಒಂದು ವೃತ್ತಿಯನ್ನೇ ಬಹಿಷ್ಕರಿಸಲು ಸಂಘ ಮಾಡಿದ ಏರ್ಪಾಡು ವ್ಯಾಪಾರ ಸ್ಪರ್ಧೆಯ ಕಾನೂನಿಗೆ ವಿರುದ್ಧ ಎಂದರು. ಯಾವ ಚಿಕಿತ್ಸೆಯಿಂದ ಯಾವ ರೋಗ ಹೋಗುತ್ತದೆ ಎಂದು ಕೋರ್ಟು ತೀರ್ಮಾನ ಮಾಡಲಿಲ್ಲ.

ಪ್ರಶ್ನೆ: ನನಗೆ ಕುತ್ತಿಗೆ ನೋವು, ಮಗನಿಗೆ ಆಸ್ತಮಾ. ಇಬ್ಬರೂ ಕೈರೋಪ್ರ್ಯಾಕ್ಟರ್ ಹತ್ತಿರ ಹೋಗಬಹುದಾ? ವಿಡಿಯೋಗಳಲ್ಲಿ ಕುತ್ತಿಗೆ ನೆಟಿಗೆ ತೆಗೆಯುವುದನ್ನು ನೋಡಿದರೆ ಆಸೆಯಾಗುತ್ತದೆ.

ಮಗನ ವಿಷಯದಲ್ಲಿ ಬೇಡ. ಆಸ್ತಮಾ ಇರುವ ಮಕ್ಕಳ ಮೇಲೆ ನಿಜವಾದ ಒತ್ತುವಿಕೆ, ಹುಸಿ ಒತ್ತುವಿಕೆ ಎರಡನ್ನೂ ಹೋಲಿಸಿದ ಒಂದು ಅಧ್ಯಯನ 1998ರಲ್ಲಿ ಪ್ರಕಟವಾಯಿತು. ನಿಜವಾದದ್ದರಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ಇನ್‌ಹೇಲರ್ ನಿಲ್ಲಿಸಬೇಡಿ, ಯಾರು ಹೇಳಿದರೂ ನಿಲ್ಲಿಸಬೇಡಿ.

ಸೊಂಟನೋವಿನ ಮಾತು ಬೇರೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳ ಜೊತೆ ಬೆನ್ನೆಲುಬಿನ ಕೈಚಿಕಿತ್ಸೆಯೂ ಇದೆ. ಸಿಗುವ ಲಾಭ ಸಾಧಾರಣ. ವ್ಯಾಯಾಮ, ಶಾಖದಿಂದ ಸಿಗುವಷ್ಟೇ. ನೆಟಿಗೆಯ ಸದ್ದು ಬರುವುದು ಕೀಲಿನ ದ್ರವದೊಳಗೆ ಗಾಳಿಯ ಗುಳ್ಳೆ ಉಂಟಾಗುವುದರಿಂದ. ಮೂಳೆ ಜಾಗಕ್ಕೆ ಬಂದು ಕೂತಿತು ಎಂದು ಅದರ ಅರ್ಥ ಅಲ್ಲ.

ನಿಮ್ಮ ಕುತ್ತಿಗೆಗೆ ಬಂದರೆ, ರಭಸದಿಂದ ತಿರುಗಿಸುವ ಚಿಕಿತ್ಸೆಯನ್ನು ನಾನು ಒಪ್ಪುವುದಿಲ್ಲ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮಣಿಗಳ ತೂತುಗಳ ಮೂಲಕವೇ ಹಾದುಹೋಗುತ್ತವೆ. ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆಗಿಬಿಟ್ಟರೆ ಬಹಳ ಗಂಭೀರ. ಕೆಲವು ಸಲ ನಾಳ ಮೊದಲೇ ಹರಿಯಲು ಶುರುವಾಗಿ, ಅದರಿಂದಲೇ ಕುತ್ತಿಗೆ ನೋವು ಬಂದಿರುತ್ತದೆ. ಹಾಗಾಗಿ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ಕುತ್ತಿಗೆಗೆ ನಿಧಾನವಾದ ವ್ಯಾಯಾಮ, ಮೃದುವಾದ ಕೈಚಿಕಿತ್ಸೆ ಸಾಕಾಗುತ್ತದೆ. ಯಾರ ಹತ್ತಿರ ಹೋದರೂ ತಿರುಚುವುದು ಬೇಡ ಎಂದು ಬಾಯಿಬಿಟ್ಟು ಹೇಳಿ, ಅದು ನಿಮ್ಮ ಹಕ್ಕು. ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದಂಥ ತಲೆನೋವು ಅಥವಾ ಕುತ್ತಿಗೆ ನೋವು ಬಂದರೆ, ತಲೆ ಸುತ್ತಿದರೆ, ಎರಡೆರಡಾಗಿ ಕಂಡರೆ, ಮಾತು ತೊದಲಿದರೆ, ಮುಖ ಜೋಮು ಹಿಡಿದರೆ ಕಾಯಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕುತ್ತಿಗೆಗೆ ಚಿಕಿತ್ಸೆ ಮಾಡಿಸಿಕೊಂಡಿದ್ದರೆ ಅಲ್ಲಿನ ಡಾಕ್ಟರಿಗೆ ಮೊದಲು ಅದನ್ನು ಹೇಳಿ.